ದೂರ ಸರಿಯುತ್ತಿದ್ದ ಹರಿಹರ

ಮಧ್ಯಾಹ್ನ ಎರಡು ಗಂಟೆ ನಲವತ್ತೊಂದು ನಿಮಿಷಕ್ಕೆ ಹರಿಹರ ನಮ್ಮಿಂದ ದೂರ ಸರಿಯತೊಡಗಿತು.

ಆಗ ನಾನು ದಾವಣಗೆರೆಯ ಶಾಮನೂರಿನ ಅಂಚಿನಲ್ಲಿರುವ ನಮ್ಮ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಕೂತು ಡಬ್ಬಿಯ ತಳದಲ್ಲಿ ಉಳಿದಿದ್ದ ಚಿತ್ರಾನ್ನ ತಿನ್ನುತ್ತಿದ್ದೆ. ದೊಡ್ಡ ಗಣಪತಿಯನ್ನು ಕಳಿಸುವ ದಿನ. ಊರೊಳಗಿನ ಡೊಳ್ಳಿನ ಸದ್ದು ಮುಚ್ಚಿದ ಗಾಜಿನ ಕಿಟಕಿಯನ್ನು ಹಾದು ಬರುವಾಗ ನೀರಿನಡಿಯಿಂದ ಯಾರೋ ತಟ್ಟಿದ ಹಾಗೆ ಮೆತ್ತಗಾಗಿ ಕೇಳಿಸುತ್ತಿತ್ತು. ಏಸಿಯ ತಂಪು, ಹೊಟ್ಟೆ ತುಂಬಿದ ಮಂಪರು. ಎದುರಿನ ಪರದೆಯ ಮೇಲೆ ಒಂದು ಸಣ್ಣ ಅಂಕಿ ಬದಲಾಯಿತು. ಎರಡು ಇದ್ದದ್ದು ನಾಲ್ಕಾಯಿತು. ನಾನು ಚಮಚ ಕೆಳಗಿಟ್ಟೆ, ಅಷ್ಟೆ. ಎದೆ ಹೊಡೆದುಕೊಳ್ಳಲು ಇನ್ನೂ ಸ್ವಲ್ಪ ಹೊತ್ತಿತ್ತು.

ಆ ಅಂಕಿ ಏನೆಂದು ಹೇಳಬೇಕಾದರೆ ಮೊದಲು ನೀರಿನ ವಿಷಯ ಹೇಳಬೇಕು. ನಮ್ಮ ಕಾರ್ಖಾನೆಗೆ ನೀರು ಬರುವುದು ಹರಿಹರದ ಹೊಳೆಯಿಂದ. ಅಲ್ಲಿ ದಂಡೆಯ ಮೇಲೆ ಒಂದು ಪಂಪ್‌ಹೌಸು, ಅದರ ಪಕ್ಕದಲ್ಲಿ ಆಳವಾದ ಬಾವಿ. ತುಂಗಭದ್ರೆಯ ನೀರು ಕಬ್ಬಿಣದ ಜಾಲರಿ ದಾಟಿ ಆ ಬಾವಿಗೆ ಇಳಿಯುತ್ತದೆ, ಪಂಪು ಅದನ್ನೆತ್ತಿ ನಮ್ಮ ಕಡೆ ನೂಕುತ್ತದೆ. ಗೊತ್ತುಪಡಿಸಿದ ಹೊತ್ತಿಗೆ ಪಂಪು ತಾನಾಗಿಯೇ ಶುರುವಾಗುತ್ತದೆ. ಮಧ್ಯಾಹ್ನದ ಹೊತ್ತು ಮೂರು ಗಂಟೆ. ಬೇಡವೆಂದರೆ ನಾವು ಶಾಮನೂರಿನಿಂದ ‘ತಡೆ’ ಎಂಬ ಆಜ್ಞೆ ಕಳಿಸಬೇಕು. ಪಂಪ್‌ಹೌಸಿನಲ್ಲಿಯೇ ನಿಲ್ಲಿಸುವ ಸ್ವಿಚ್ಚೂ ಇತ್ತು, ಆದರೆ ಅದಕ್ಕೊಂದು ಕೀಲಿ. ಕಂಡವರು ಬಂದು ಪಂಪನ್ನು ಹಾಕಿ ತೆಗೆದು ಮಾಡಬಾರದೆಂದು ಆ ಕೀಲಿಯನ್ನು ನಮ್ಮ ಕಂಟ್ರೋಲ್ ರೂಮಿನ ಗೋಡೆಯ ಮೊಳೆಗೆ ತೂಗುಹಾಕಿದ್ದರು. ಆ ಮಧ್ಯಾಹ್ನ ನನಗೆ ಕೈಚಾಚಿದರೆ ಸಿಗುವಷ್ಟು ಹತ್ತಿರವಿದ್ದ ವಸ್ತು ಅದೊಂದೇ.

ಆಜ್ಞೆ ಹೋಗುವ ದಾರಿ ಹೀಗಿತ್ತು. ಶಾಮನೂರಿನಲ್ಲಿ ನಮ್ಮದೊಂದು ಯಂತ್ರ, ಪೇಟೆಯಲ್ಲಿರುವ ನಮ್ಮ ಆಫೀಸಿನಲ್ಲಿ ಇನ್ನೊಂದು, ಹರಿಹರದ ಪಂಪ್‌ಹೌಸಿನಲ್ಲಿ ಮತ್ತೊಂದು. ಬಂದ ಸಂದೇಶವನ್ನು ಯಾವ ಕಡೆ ದಾಟಿಸಬೇಕೆಂದು ತೀರ್ಮಾನಿಸುವುದೇ ಈ ಯಂತ್ರಗಳ ಕೆಲಸ. ಅವುಗಳ ಮೇಲೆ ಕಣ್ಣಿಡುವುದು ನನ್ನ ಕೆಲಸ. ಮೂರನ್ನೂ ಒಂದರ ಹಿಂದೆ ಒಂದರಂತೆ ಫೈಬರ್ ತಂತಿ ಜೋಡಿಸಿತ್ತು. ಆ ತಂತಿ ಪೇಟೆಯಿಂದ ಹರಿಹರಕ್ಕೆ ಹೋಗುತ್ತಿದ್ದದ್ದು ಗಣಪತಿ ಹೊರಡುವ ಬೀದಿಯ ಕಂಬಗಳ ಮೇಲೆ.

ದಾವಣಗೆರೆಯಲ್ಲಿ ಆ ದಿನ ಬೀದಿಯ ಮೇಲಿನ ತಂತಿಗಳೆಲ್ಲ ಎದ್ದು ನಿಲ್ಲಬೇಕು. ಲಾರಿಯ ಮೇಲೆ ಕೂತ ದೇವರ ಕಿರೀಟ ಮಹಡಿಯ ಕಿಟಕಿಗೆ ಸಮನಾಗಿರುತ್ತದೆ. ಮೆರವಣಿಗೆಯ ಮುಂದೆ ನಡೆಯುವವರು ತುದಿ ಸೀಳಿದ ಬಿದಿರುಗಳಿಂದ ಕೇಬಲ್ಲು, ಫೋನು, ಇಂಟರ್‌ನೆಟ್ಟು ಎಲ್ಲವನ್ನೂ ಮೇಲೆತ್ತಿ ಹಿಡಿಯುತ್ತಾರೆ. ದೇವರು ಅಡಿಯಲ್ಲಿ ನಿಧಾನವಾಗಿ ಹಾಯುತ್ತಾನೆ. ಎತ್ತಲಾಗದ್ದನ್ನು ಬಿಚ್ಚುತ್ತಾರೆ. ಬಿಚ್ಚಲಾಗದ್ದನ್ನು ಕತ್ತರಿಸುತ್ತಾರೆ. ಮರುದಿನ ಯಾರೋ ಏಣಿ ತಂದು ಜೋಡಿಸುತ್ತಾರೆ. ಇದರ ಬಗ್ಗೆ ಯಾರೂ ಯಾರನ್ನೂ ಬಯ್ದದ್ದನ್ನು ನಾನು ಕೇಳಿಲ್ಲ.

ತಂತಿ ಕಡಿದರೆ ಇರಲಿ ಎಂದೇ ಒಂದು ಎರಡನೆಯ ದಾರಿಯಿತ್ತು. ನಮ್ಮ ನೀರಿನ ಟ್ಯಾಂಕಿನ ತಲೆಯ ಮೇಲಿನ ಆಂಟೆನಾ ತಟ್ಟೆಯಿಂದ ಹರಿಹರದ ಪಂಪ್‌ಹೌಸಿನ ತಟ್ಟೆಗೆ, ಭತ್ತದ ಗದ್ದೆಗಳ ಮೇಲೆ ಗಾಳಿಯಲ್ಲೇ ಹಾಯುವ ರೇಡಿಯೋ ದಾರಿ. ಕಾರ್ಖಾನೆಯಲ್ಲಿ ಅದಕ್ಕೆ ‘ಗಣಪತಿ ಲೈನು’ ಅಂತಲೇ ಹೆಸರು. ವರ್ಷಕ್ಕೊಂದು ದಿನದ ದಾರಿ. ನಿಧಾನ, ಮಳೆ ಬಂದರೆ ತೊದಲುತ್ತದೆ. ಆದ್ದರಿಂದ ಅಳವಡಿಸಿದ ಗುತ್ತಿಗೆಯವರು ಅದನ್ನು ಬೇಕೆಂದೇ ದೂರದ ದಾರಿಯೆಂದು ನಮೂದಿಸಿದ್ದರು. ಫೈಬರ್ ಹಿಡಿದು ಹೋದರೆ ಹರಿಹರ ಎರಡು ಹೆಜ್ಜೆ, ಗಾಳಿಯಲ್ಲಿ ಹೋದರೆ ಹದಿಮೂರು ಹೆಜ್ಜೆ. ಯಂತ್ರ ಕಡಿಮೆ ಹೆಜ್ಜೆಯ ದಾರಿಯನ್ನೇ ಆರಿಸುತ್ತದೆ. ನನ್ನ ಪರದೆಯ ಅಂಕಿ ಆ ಹೆಜ್ಜೆಗಳ ಲೆಕ್ಕ.

ಆರಿಸುವ ರೀತಿ ಕಾಲೇಜಿನಲ್ಲಿ ಓದುವಾಗಲೇ ನನಗೊಂದು ಕನಸಿನಂತೆ ಕಂಡಿತ್ತು. ಈ ಜಾತಿಯ ಯಂತ್ರಗಳ ಬಳಿ ನಕಾಶೆ ಇರುವುದಿಲ್ಲ. ಒಂದೊಂದಕ್ಕೂ ಗೊತ್ತಿರುವುದು ಅದರ ಪಕ್ಕದವರು ಮಾತ್ರ. ಪಕ್ಕದ ಯಂತ್ರ ಆಗಾಗ ಹೇಳುತ್ತದೆ, ‘ನನ್ನಿಂದ ಹರಿಹರ ಒಂದು ಹೆಜ್ಜೆ’. ಕೇಳಿದ್ದು ಅದಕ್ಕೆ ಒಂದು ಕೂಡಿಸಿಕೊಂಡು, ‘ಹಾಗಾದರೆ ನನ್ನಿಂದ ಎರಡು’ ಎಂದುಕೊಳ್ಳುತ್ತದೆ. ಹರಿಹರವನ್ನು ಅದು ಕಂಡಿಲ್ಲ. ನಂಬಿಕೆಯ ಮೇಲೆಯೇ ಸಂದೇಶಗಳು ಊರೂರು ದಾಟುತ್ತವೆ. ದಾರಿ ಕೇಳುತ್ತಾ ನಡೆಯುವ ಜನರೂ ಹೀಗೆಯೇ ಊರು ಮುಟ್ಟುತ್ತಿದ್ದರಲ್ಲ ಎಂದು ನನಗೆ ಆಗ ಖುಷಿಯಾಗಿತ್ತು.

ಅಂಕಿ ನಾಲ್ಕಾದ ಸ್ವಲ್ಪ ಹೊತ್ತಿಗೆ ಫೋನು ಬಂತು. ತೆಗೆದವರು ಆಪರೇಟರು. ನಿವೃತ್ತಿಗೆ ಹತ್ತಿರವಾದವರು, ನಾವೆಲ್ಲ ಅವರನ್ನು ಅಣ್ಣಾರು ಎನ್ನುತ್ತೇವೆ. ಮಾತಾಡಿದವನು ಪಂಪ್‌ಹೌಸ್ ನೋಡಿಕೊಳ್ಳುವವನು. ಅವನ ದನಿ ಯಾವಾಗಲೂ ಹೊಳೆಯ ಆಚೆ ದಡದವರಿಗೂ ಕೇಳಿಸುವಷ್ಟು ದೊಡ್ಡದು.

“ಅಣ್ಣಾರೆ, ಜಾಲ್ರಿಗೆ ಅಂತರಗಂಗೆ ಕಳೆ ಬಂದು ಮೆತ್ಕಂಡೈತೆ ನೋಡ್ರಿ. ಮೂರರ ಪಂಪು ಬ್ಯಾಡ. ತಡೆ ಹಾಕ್ರಿ, ನಾ ಇಳೀತೀನಿ.”

“ಒಬ್ನೇ ಅದೀಯೇನು?”

“ಇನ್ನೊಬ್ಬ ಓಣಿ ಗಣಪ್ಪನ್ನ ಕಳ್ಸಾಕೆ ಹೋಗ್ಯಾನೆ. ಅವ್ನು ಬರೋತಂಕ ಕುಂತ್ರೆ ಮುಂದಿನ ವರ್ಷದ ಗಣಪ್ಪ ಬಂದಿರ್ತಾನೆ.”

“ಬಾಯಿ ಬಾಳ ಆತು ನಿಂದು. ಇಳಿ ಹೋಗು, ಹಾಕ್ತೀನಿ.”

ಅಣ್ಣಾರು ಗುಂಡಿ ಒತ್ತಿದರು. ‘ಕಳಿಸಲಾಗಿದೆ’ ಎಂದು ಪರದೆ ಹೇಳಿತು. “ಹೋತು,” ಎಂದು ಅವರು ನನ್ನ ಕಡೆ ನೋಡಿ ತಲೆಯಾಡಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡರು.

ಕಳಿಸಿದ್ದಕ್ಕೆ ಹರಿಹರದಿಂದ ಉತ್ತರ ಬಂದರೆ ಪರದೆಯ ಹಸಿರು ದೀಪ ಹಳದಿಯಾಗಬೇಕು. ಅದು ಹಸಿರಾಗಿಯೇ ಇತ್ತು. ನನ್ನ ಪರದೆಯಲ್ಲಿ ನಾಲ್ಕು ಆರಾಯಿತು. ಆಗ ನನಗೆ ಅರ್ಥವಾಯಿತು.

ಪೇಟೆಯ ಯಂತ್ರದಿಂದ ಹರಿಹರಕ್ಕೆ ಹೋಗುವ ತಂತಿ ಕಡಿದಿತ್ತು. ‘ನನಗೆ ಹರಿಹರ ಗೊತ್ತಿಲ್ಲ’ ಎಂದು ಅದು ಸುಮ್ಮನಾಗಬೇಕಿತ್ತು. ಅಷ್ಟರಲ್ಲಿ ನಮ್ಮ ಯಂತ್ರ ಎಂದಿನಂತೆ ಅದಕ್ಕೆ ಹೇಳಿತು, ‘ನನ್ನಿಂದ ಹರಿಹರ ಎರಡು ಹೆಜ್ಜೆ’. ಆ ಎರಡು ಹೆಜ್ಜೆಯ ದಾರಿ ತನ್ನ ಮೂಲಕವೇ ಹೋಗುವುದೆಂದು ಪೇಟೆಯ ಯಂತ್ರಕ್ಕೆ ತಿಳಿಯದು. ಅದು ನಂಬಿ, ‘ಹಾಗಾದರೆ ನನ್ನಿಂದ ಮೂರು’ ಎಂದಿತು. ನಮ್ಮದು ಕೇಳಿ, ‘ನನ್ನಿಂದ ನಾಲ್ಕು’ ಎಂದಿತು. ಅದು ಐದು, ಇದು ಆರು. ಎರಡೂ ಒಂದರ ಮುಖ ಒಂದು ನೋಡುತ್ತ, ನಿನಗೆ ಗೊತ್ತು ನಿನಗೆ ಗೊತ್ತು ಎಂದು ನಮ್ಮ ‘ತಡೆ’ಯನ್ನು ಚೆಂಡಿನಂತೆ ಅತ್ತಿತ್ತ ಎಸೆದಾಡಿದವು. ಸುಸ್ತಾದ ಸಂದೇಶ ನಡುದಾರಿಯಲ್ಲೇ ಸತ್ತಿತು. ಈ ಭ್ರಮೆಗೆ ಹಳೆಯ ಮದ್ದೊಂದಿದೆ: ಯಾರಿಂದ ಸುದ್ದಿ ಬಂತೋ ಅವರಿಗೇ ಆ ಸುದ್ದಿಯನ್ನು ಮರಳಿ ಹೇಳಬೇಡ ಎಂಬ ನಿಯಮ. ಗಣಪತಿ ಲೈನು ಜೋಡಿಸುವಾಗ ಏನೋ ಅಡ್ಡಬಂತೆಂದು ಗುತ್ತಿಗೆಯವರು ಆ ನಿಯಮವನ್ನು ತೆಗೆದುಹಾಕಿದ್ದರು. ಸೆಟ್ಟಿಂಗುಗಳೂ ಅವರ ಕೈಯಲ್ಲೇ ಇದ್ದವು. ನನಗಿದ್ದದ್ದು ನೋಡುವ ಅನುಮತಿ ಮಾತ್ರ.

“ಅಣ್ಣಾರೆ, ಹೋಗಿಲ್ಲ ಅದು. ಅವರಿಗೆ ಫೋನ್ ಹಚ್ಚಿ.”

“ಹೋಗೇತಲ್ಲ ಮೇಡಂ, ಕಳಿಸಿದ್ದು ಅಂತ ಬರ್ದೈತೆ.”

“ಮುಟ್ಟಿಲ್ರಿ.”

ಅವರು ಫೋನು ಹಚ್ಚಿದರು. ಅದು ಪೂರ್ತಿ ರಿಂಗಾಗಿ ನಿಂತಿತು. ಒಂದು ಮೊಬೈಲು ಹಿಂದೆ ಬಾವಿಗೆ ಬಿದ್ದಿದ್ದರಿಂದ ಅವನು ಇಳಿಯುವಾಗ ಅಂಗಿ ಬಿಚ್ಚಿ, ಮೊಬೈಲನ್ನು ಅದರ ಜೇಬಿನಲ್ಲೇ ಬಿಟ್ಟು, ಪಂಪ್‌ಹೌಸಿನ ಕಿಟಕಿಗೆ ಸಿಕ್ಕಿಸುತ್ತಿದ್ದ. ಬಾವಿಯ ಬಾಯಲ್ಲಿ ಗಾಳಿಗೆ ಅಲ್ಲಾಡುವ ಅಂಗಿ, ಅದರ ಜೇಬಿನಲ್ಲಿ ಬೆಳಗಿ ಬೆಳಗಿ ಆರುವ ಫೋನು. ಕೆಳಗೆ, ಜಾಲರಿಯ ಒಳಮೈಗೆ ಆತು, ಸೊಂಟದ ತನಕ ನೀರಲ್ಲಿ ನಿಂತು ಅಂತರಗಂಗೆಯ ಬೇರು ಕೀಳುತ್ತಿರುವವನು. ಪಂಪಿನ ಬಾಯಿ ಅವನ ಕಾಲ ಬಳಿಯೇ ಇತ್ತು. ಇದಾವುದನ್ನೂ ನಾನು ಕಣ್ಣಾರೆ ನೋಡಲಿಲ್ಲ. ಆದರೂ ಈಗ ಕಣ್ಣು ಮುಚ್ಚಿದರೆ ಕಾಣುವುದು ಅದೇ.

ಎಂಟು.

ಅವನನ್ನು ಮೇಲೆ ಕರೆಯಲು ಕಾರ್ಖಾನೆಯ ಜೀಪು ಹೊರಟಿತು. ಬೈಪಾಸ್ ಹಿಡಿದರೂ ಮೂರರೊಳಗೆ ಮುಟ್ಟುವುದಿಲ್ಲವೆಂದು ಓಡಿಸಿದವನಿಗೂ ಗೊತ್ತಿತ್ತು. ಅಣ್ಣಾರು ಪಂಪ್‌ಹೌಸಿನ ಕರೆಂಟು ತೆಗೆಸಲು ಯಾರಾರಿಗೋ ಫೋನು ಮಾಡುತ್ತಿದ್ದರು. ಹೊಳೆಯಿಂದ ಎರಡು ಓಣಿ ಈಚೆ, ಗುಡಿಯ ಹಿಂದೆ ನನ್ನ ಸೋದರತ್ತೆಯ ಮನೆಯಿದೆ. ಮೊಣಕಾಲು ನೋವಿನಿಂದ ಹೊಸ್ತಿಲು ದಾಟುವುದೇ ಅಪರೂಪ ಆಕೆಗೆ. ನನಗೆ ಹರಿಹರದಲ್ಲಿ ಗೊತ್ತಿದ್ದ ನಂಬರು ಅದೊಂದೇ.

“ಏನವ್ವಾ, ಊಟ ಆತಾ? ಗಣಪ್ಪನ್ನ ನೋಡಾಕೆ ಹೋಗ್ಲಿಲ್ಲೇನು?”

“ಅತ್ತೆ, ಇಲ್ಲಿ ಕೇಳ್ರಿ. ದಂಡಿ ಮ್ಯಾಲೆ ನಮ್ಮ ಪಂಪ್‌ಹೌಸ್ ಐತಲ್ಲ, ಅದರ ಬಾವ್ಯಾಗ ಒಬ್ರು ಇಳಿದಾರೆ. ಮೂರಕ್ಕೆ ಪಂಪು ಶುರು ಆಗ್ತೈತೆ. ಯಾರನ್ನಾರ ಓಡಿಸ್ರಿ, ಮ್ಯಾಲೆ ಬಾ ಅಂತ ಕೂಗಾಕೆ ಹೇಳ್ರಿ.”

“ಅಯ್ಯ ನಮ್ಮಪ್ಪನೇ! ನೀ ಫೋನಿಡು. ಇಡು ಅಂದೆ.”

ಹತ್ತು.

ಆ ಕೆಲವು ನಿಮಿಷಗಳು ಹೇಗಿದ್ದವೆಂದು ಕೇಳಿದವರಿಗೆ ನಾನು ಸರಿಯಾಗಿ ಹೇಳಲಾರೆ. ಹೆದರಿಕೆ ಎನ್ನುವುದಕ್ಕಿಂತ ಅದು ಒಂದು ತೇಲುವಿಕೆಯಾಗಿತ್ತು. ಚಿಕ್ಕಂದಿನಿಂದ ಹರಿಹರವೆಂದರೆ ನನಗೆ ಬಸ್ಸು ಹತ್ತಿ ಕಡಲೆಕಾಯಿ ತಿಂದು ಮುಗಿಸುವುದರೊಳಗೆ ಬರುವ ಊರು. ಆ ಊರು ಈಗ ಪರದೆಯ ಮೇಲೆ, ಸದ್ದಿಲ್ಲದೆ, ಎರಡೆರಡೇ ಹೆಜ್ಜೆ ಹಿಂದೆ ಸರಿಯುತ್ತಿತ್ತು. ಗುಡಿ, ಸೇತುವೆ, ಬಟ್ಟೆ ಒಗೆಯುವ ಕಲ್ಲುಗಳು, ಅತ್ತೆಯ ಮನೆಯ ನೀಲಿ ಬಾಗಿಲು, ಎಲ್ಲವೂ ನೀರಿನ ಮೇಲೆ ಬಿಟ್ಟ ಹೂವಿನ ಹಾಗೆ. ಈ ಯಂತ್ರಗಳ ಲೆಕ್ಕದಲ್ಲಿ ಅನಂತವೆಂದರೆ ಹದಿನಾರು. ಹದಿನಾರು ಹೆಜ್ಜೆ ಮುಟ್ಟಿದ ಊರು ಅವುಗಳ ಪಾಲಿಗೆ ಇಲ್ಲವೇ ಇಲ್ಲ. ಹೊರಗೆ ಡೊಳ್ಳು ಬಡಿಯುತ್ತಲೇ ಇತ್ತು. ಕೀಲಿ ಮೊಳೆಯಲ್ಲಿ ತೂಗುತ್ತಲೇ ಇತ್ತು. ಅನಂತಕ್ಕೆ ಮುಂಚೆ ಎಲ್ಲೋ ಗಾಳಿಯ ದಾರಿಯಿದೆ, ಸುಳ್ಳು ಅದಕ್ಕಿಂತ ಉದ್ದವಾದಾಗ ಯಂತ್ರ ನಿಜವನ್ನು ಹಿಡಿಯುತ್ತದೆ ಎಂದು ನನಗೆ ಗೊತ್ತಿತ್ತು. ಮೂರು ನಾಲ್ಕು ನಿಮಿಷಕ್ಕೊಮ್ಮೆ ಮಾತಾಡುವ ಯಂತ್ರಗಳು ಮೂರು ಗಂಟೆಯೊಳಗೆ ಅಷ್ಟು ಉದ್ದದ ಸುಳ್ಳು ಹೇಳಿ ಮುಗಿಸುತ್ತವೆಯೇ ಎಂಬುದು ಗೊತ್ತಿರಲಿಲ್ಲ.

ಹನ್ನೆರಡು.

ಆಗ ಅಣ್ಣಾರ ಫೋನು ಮೊಳಗಿತು. ಕೇಳಿಸಿಕೊಂಡರು. ಕುರ್ಚಿಯ ಮೇಲೆ ಮೆಲ್ಲಗೆ ಕೂತರು.

“ಮುಗೀತು ಮೇಡಂ. ಹರಿಹರದಾಗ ಕಾರ್ಖಾನಿ ಬಾವ್ಯಾಗ ಒಬ್ಬ ಸಿಕ್ಕಂಡು ಸತ್ನಂತೆ.”

ಗೋಡೆ ಗಡಿಯಾರದಲ್ಲಿ ಮೂರಾಗಲು ಇನ್ನೂ ಹೊತ್ತಿತ್ತು. ಪಂಪು ಶುರುವಾಗಿರಲಿಲ್ಲ. ಆದರೂ ನಾನು ನಂಬಿದೆ. ಪರದೆ, ಅಂಕಿ, ಗಡಿಯಾರ ಎಲ್ಲ ಯಾರದೋ ಮನೆಯ ಸಾಮಾನಿನಂತೆ ಕಂಡವು. ಅವನ ಗಟ್ಟಿ ದನಿ ನೆನಪಾಯಿತು. ಕೊನೆಗೆ ಬಾಯಿಂದ ಬಂದದ್ದು ಒಂದು ದಡ್ಡ ಪ್ರಶ್ನೆ.

“ಯಾರು ಹೇಳಿದ್ರು?”

“ನಮ್ಮನಿಯಾಕಿ, ವಿನೋಬನಗರದಿಂದ.”

“ಅವರಿಗೆ ಯಾರು ಹೇಳಿದ್ರು?”

ಅಣ್ಣಾರು ಫೋನಿನಲ್ಲಿ ಕೇಳಿದರು. “ಓಣಿ ಹೂವಿನಾಕಿ ಅಂತೆ.”

“ಅವಳಿಗೆ?”

“ಯಾಕ್ರಿ ಮೇಡಂ ಈಗ ಅದೆಲ್ಲ...” ಎನ್ನುತ್ತಲೇ ಮತ್ತೆ ಕೇಳಿದರು. “ಆಕಿ ತಂಗಿ ಹರಿಹರದಾಗ ಹೂವ ಮಾರ್ತಾಳಂತೆ. ಆಕಿಗೆ ಗುಡಿ ಹಿಂದ್ಲ ಓಣಿ ಮೊಣಕಾಲು ನೋವಿನ ಅಮ್ಮಾರು ಅಳ್ತಾ ಹೇಳಿದ್ರಂತೆ.”

ಮೊಣಕಾಲು ನೋವಿನ ಅಮ್ಮ ನನ್ನ ಅತ್ತೆ. ಸತ್ತನೆಂಬ ಸುದ್ದಿ ನಾನೇ ಕಳಿಸಿದ್ದು. ಹರಿಹರಕ್ಕೆ ಹೋಗಿ, ಹೂವಿನ ಬುಟ್ಟಿಗಳನ್ನು ಹಾದು, ಒಂದೊಂದು ಬಾಯಲ್ಲಿ ಒಂದೊಂದು ಹೆಜ್ಜೆ ಬೆಳೆದು, ವಿನೋಬನಗರದ ಮೇಲೆ ನನ್ನ ಬಳಿಗೇ ಮರಳಿತ್ತು. ನನ್ನದೇ ಮಾತನ್ನು ನಾನು ಹರಿಹರದ ಸಮಾಚಾರವೆಂದು ನಂಬಿ ನಿಂತಿದ್ದೆ. ಆ ಎರಡು ಯಂತ್ರಗಳಂತೆಯೇ.

ಪರದೆಯ ಕಡೆ ತಿರುಗಿದೆ. ಹದಿಮೂರು.

ಹದಿನಾಲ್ಕಲ್ಲ. ಎರಡು, ನಾಲ್ಕು, ಆರು ಎಂದು ಬಂದ ಸಾಲಿನಲ್ಲಿ ಬಾರದ ಅಂಕಿ. ಅದು ಗಾಳಿಯ ದಾರಿ. ಗದ್ದೆಗಳ ಮೇಲೆ ಹರಿಹರ ಇದ್ದಲ್ಲಿಯೇ ಇತ್ತು.

“ಅಣ್ಣಾರೆ, ಮತ್ತೊಮ್ಮೆ ಒತ್ರಿ!”

“ಸತ್ತ ಮ್ಯಾಲೆ ಏನ್ ಒತ್ತೋದು...”

“ಸತ್ತಿಲ್ಲ, ಅದು ನನ್ನ ಸುದ್ದಿ. ಒತ್ರಿ ಅಂದೆ!”

ಅವರು ಪರದೆಯ ಕಡೆ ಬಾಗಿದರು. ನಾನೂ. ಯಾರ ಬೆರಳು ಮೊದಲು ಗುಂಡಿಗೆ ತಾಗಿತೆಂದು ಇಬ್ಬರಿಗೂ ನೆನಪಿಲ್ಲ. ಹಸಿರು ದೀಪ ಒಂದು ಉಸಿರಿನಷ್ಟು ಹಾಗೆಯೇ ಇದ್ದು, ಆಮೇಲೆ ಹಳದಿಯಾಯಿತು. ಮೂರು ಗಂಟೆ ನಮ್ಮ ತಲೆಯ ಮೇಲೆ, ಗೋಡೆಯಲ್ಲಿ, ಏನೂ ಆಗದಂತೆ ದಾಟಿತು.

ಅದಾದ ಮೇಲೆ ಪಂಪ್‌ಹೌಸಿನವನೇ ಫೋನು ಮಾಡಿದ.

“ಮೇಡಂ, ಇದೇನ್ರಿ ಇದು? ನಿಮ್ಮ ಅತ್ತೆಯಾರು ಅರ್ಧ ಓಣಿ ಕಟ್ಕಂಡು ಆಟೋದಾಗ ಬಂದಾರೆ. ನಾ ಮ್ಯಾಲೆ ಬಂದು ಎದ್ರಿಗೆ ನಿಂತ್ರೂ ಅಳಾದು ಬಿಡವಲ್ರು. ಒಬ್ರು ನನಗಂತ ಹೂವಿನ ಹಾರ ಬ್ಯಾರೆ ತಂದಾರೆ!”

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: “ಜೀವಂತ ಅದಾನವ್ವಾ! ಬರೀ ಚಡ್ಡಿ ಮ್ಯಾಲೆ ನಿಂತಾನೆ, ನಾಚಿಕಿಗೇಡಿ!”

ಅತ್ತೆಯ ಕೂಗು ಮೊದಲು ಮುಟ್ಟಿತೋ, ನಮ್ಮ ಹಳದಿ ದೀಪವೋ? ನಾನು ಕೇಳಲಿಲ್ಲ. ಯಾವುದಾದರೂ ಒಂದು ಬೇಕಾಗಿರಲಿಲ್ಲ ಎಂದು ಗೊತ್ತಾಗುವುದು ನನಗೆ ಬೇಡವಾಗಿತ್ತು.

ಎಲ್ಲರೂ ನಕ್ಕರು, ಮರುದಿನ ಯಾರೋ ಏಣಿ ತಂದು ತಂತಿ ಜೋಡಿಸಿದರು. ನನ್ನ ನಿದ್ದೆ ಮಾತ್ರ ಹಾರಿಹೋಯಿತು. ವಿದ್ಯಾನಗರದ ನನ್ನ ಕೋಣೆಯಲ್ಲಿ ಮಲಗಿದರೆ ಕಣ್ಣು ಹತ್ತಿದ ಗಳಿಗೆಗೇ ಬಸ್ಸು ಹೊರಡುತ್ತಿತ್ತು. ಹರಿಹರಕ್ಕೆ ಟಿಕೆಟು. ಕಂಡಕ್ಟರು ಹೊಸ ಹೊಸ ಊರುಗಳ ಹೆಸರು ಕೂಗುತ್ತಾನೆ, ಹರಿಹರ ಮುಂದಿನ ಸ್ಟಾಪು ಎನ್ನುತ್ತಾನೆ, ಅದು ಬರುವುದೇ ಇಲ್ಲ. ಎಚ್ಚರವಾದ ಮೇಲೆ ತಲೆ ತನ್ನಷ್ಟಕ್ಕೆ ದಾರಿ ಹುಡುಕತೊಡಗುತ್ತಿತ್ತು. ನಮ್ಮ ಯಂತ್ರದಿಂದ ಪೇಟೆಯ ತಂತಿಯನ್ನು ಕಿತ್ತೆಸೆದಿದ್ದರೆ ಅದು ಆ ಕ್ಷಣವೇ ಗಾಳಿಯ ದಾರಿ ಹಿಡಿಯುತ್ತಿತ್ತಲ್ಲ? ಗುಡಿಯ ಮೈಕಿನಲ್ಲಿ ಕೂಗಿಸಬಹುದಿತ್ತಲ್ಲ? ಆಗಿಹೋದ ಮೂರು ಗಂಟೆಗೆ ಇನ್ನೂ ಹತ್ತಿರದ ದಾರಿ, ಅದಕ್ಕಿಂತ ಹತ್ತಿರದ ದಾರಿ. ಈ ಲೆಕ್ಕಕ್ಕೆ ಹದಿನಾರು ಎಂಬ ಕೊನೆಯೂ ಇರಲಿಲ್ಲ.

ಗುತ್ತಿಗೆಯವರನ್ನು ಕರೆಸಿ ಎಲ್ಲವನ್ನೂ ಬದಲಾಯಿಸಿದೆವು. ಈಗಿನವು ಬೇರೆ ಜಾತಿಯ ಯಂತ್ರಗಳು. ಪಕ್ಕದವರ ಮಾತಿಗೆ ಒಂದು ಕೂಡಿಸಿಕೊಂಡು ನಂಬುವವಲ್ಲ. ಪ್ರತಿಯೊಂದೂ ತನ್ನ ಮೈಗೆ ತಾಗಿದ ಕೊಂಡಿಗಳ ಸ್ಥಿತಿಯನ್ನಷ್ಟೇ ಎಲ್ಲರಿಗೂ ಸಾರುತ್ತದೆ, ಎಲ್ಲರೂ ಅದನ್ನು ಕೂಡಿಸಿ ತಮ್ಮೊಳಗೇ ಪೂರ್ತಿ ನಕಾಶೆ ಬರೆದುಕೊಳ್ಳುತ್ತಾರೆ. ಒಂದು ತಂತಿ ಕಡಿದರೆ ನಕಾಶೆಯಲ್ಲಿ ಒಂದು ಗೆರೆ ಅಳಿಯುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಬೇರೆ ದಾರಿ ಸಿಗುತ್ತದೆ. ನಾನೇ ತಂತಿ ಕಿತ್ತು ಕಿತ್ತು ಪರೀಕ್ಷಿಸಿದೆ. ಸರಿಯಿತ್ತು. ಆದರೂ ನಿದ್ದೆ ಬರಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಅವನು ಫೋನು ಮಾಡಿ, ಜಾಲರಿಗೆ ಮತ್ತೆ ಅಂತರಗಂಗೆ ಬಂದಿದೆ, ಇಳಿಯಬೇಕು ಎಂದ. ನಾನು ನಿಲ್ರಿ ಎಂದೆ. ಮೊಳೆಯಿಂದ ಕೀಲಿ ತೆಗೆದೆ.

“ಅದು ಇಲ್ಲೇ ಇರ್ಬೇಕು ಅಂತ ಸಾಹೇಬ್ರು...” ಎಂದರು ಅಣ್ಣಾರು. ಆಮೇಲೆ ತಾವೇ, “ತಗಂಡ್ ಹೋಗ್ರಿ. ಕೇಳಿದ್ರೆ ನಾ ಹೇಳ್ತೀನಿ,” ಎಂದರು.

ಬಸ್ಸು ಹರಿಹರವನ್ನು ಎಂದಿನ ಹೊತ್ತಿಗೇ ಮುಟ್ಟಿತು. ಹೊಳೆಯ ಮೇಲೆ ಬೆಳ್ಳಗಿನ ಬಿಸಿಲು. ಅವನು ಕೀಲಿಯನ್ನು ಸ್ವಿಚ್ಚಿಗೆ ಹಾಕಿ ತಿರುಗಿಸಿದ, ಪಂಪಿನ ದೀಪ ಪೂರ್ತಿ ಆರಿತು. ಕೀಲಿಯನ್ನು ಕಿತ್ತು, ಎಲ್ಲಿಡುವುದೆಂದು ಕ್ಷಣ ನೋಡಿ, ತನ್ನ ಉಡಿದಾರಕ್ಕೆ ಕಟ್ಟಿಕೊಂಡ.

“ಇನ್ನ ಇದು ಬೀಳಾಕೆ ನಾನೇ ಬೀಳ್ಬೇಕು ಮೇಡಂ.”

“ಅಂಥ ಮಾತು ಆಡಬ್ಯಾಡ್ರಿ.”

“ಆತು ಬಿಡ್ರಿ. ಕೂಡ್ರಿ ಅಲ್ಲಿ, ನೆಳ್ಳಾಗ.”

ನಾನು ಬಾವಿಯ ಕಟ್ಟೆಯ ಮೇಲೆ ಕೂತೆ. ಅವನು ಒಂದೊಂದೇ ಮೆಟ್ಟಿಲು ಇಳಿದ. ಕೆಳಗಿನಿಂದ ಬೇರು ಕೀಳುವ ಸದ್ದು, ಅವನು ತನಗೆ ತಾನೇ ಬಯ್ದುಕೊಳ್ಳುವ ಸದ್ದು ಮೇಲೆ ಬರುತ್ತಿತ್ತು. ಅಂತರಗಂಗೆಯ ನೇರಳೆ ಹೂವಿನ ಕಟ್ಟುಗಳು ಹಗ್ಗದಲ್ಲಿ ಏರಿ ಬಂದು ನನ್ನ ಪಕ್ಕ ನೀರು ಸೋರಿಸುತ್ತ ಬಿದ್ದವು. ಮೂರು ಗಂಟೆ ಯಾವಾಗ ದಾಟಿತೋ ನಾನು ನೋಡಲಿಲ್ಲ. ಅವನು ಮೇಲೆ ಬಂದ. ಕೀಲಿ ಸೊಂಟದಲ್ಲಿ ಹೊಳೆಯುತ್ತಿತ್ತು. ಕಟ್ಟೆಯ ಮೇಲೆ ಕೂತು ನಾನು ತಂದಿದ್ದ ಮಂಡಕ್ಕಿ ಮಿರ್ಚಿ ತಿಂದ, ಮಿರ್ಚಿ ತಣ್ಣಗಾಗಿದೆ ಎಂದು ಗೊಣಗಿದ.

ಅತ್ತೆಯ ಮನೆಗೆ ಹೋದೆ. ನೀಲಿ ಬಾಗಿಲು ಅಲ್ಲೇ ಇತ್ತು. ಒಂದು ರೊಟ್ಟಿ ತಿನ್ನು ಎಂದಳು, ತಿಂದೆ. ಸ್ವಲ್ಪ ಅಡ್ಡಾಗುತ್ತೇನೆಂದು ಚಾಪೆಯ ಮೇಲೆ ಒರಗಿದೆ. ಕಣ್ಣು ತೆರೆದಾಗ ಹಾಲಿನವನು ಬಾಗಿಲಲ್ಲಿ ಕೂಗುತ್ತಿದ್ದ, ಮೈಮೇಲೆ ಯಾರೋ ಕಂಬಳಿ ಹೊದಿಸಿದ್ದರು.

“ರಾತ್ರಿ ಊಟಕ್ಕೆ ಎಷ್ಟು ಎಬ್ಬಿಸಿದೆ ನಿನ್ನ,” ಎಂದಳು ಅತ್ತೆ ಪಾತ್ರೆ ಹಿಡಿದು ಹೊರಗೆ ಹೋಗುತ್ತ. “ಕಲ್ಲು ಮಲಗಿದಂಗೆ ಮಲಗಿದ್ದಿ.”